ಕಪ್ಪೆ ಕೂಗಿದ ಪಾಲು

ಅಜ್ಜಿ ಹೇಳಿದ ಕತೆಗಳಲ್ಲಿ ಪುಕ್ಕಟೆ ಬುದ್ಧಿ ಹೇಳಲು ಬರುವವರಿಗೆಲ್ಲ ಒಂದು ಬಾಲವಿರುತ್ತಿತ್ತು. ಸನ್ಯಾಸಿಯ ಕಾವಿಯೊಳಗೆ ಬಾಲ, ಹಣ್ಣು ಮಾರುವ ಮುದುಕಿಯ ಸೀರೆಯೊಳಗೆ ಬಾಲ, ದಾರಿ ತೋರಿಸುವ ವ್ಯಾಪಾರಿಯ ಕೋಟಿನೊಳಗೂ ಸುರುಳಿ ಸುತ್ತಿಟ್ಟ ಬಾಲ. ಕೇಳುತ್ತ ಕೂತ ಮಗುವಿಗೆ ಅದು ಮೊದಲೇ ಕಾಣುತ್ತಿತ್ತು. ಕತೆಯೊಳಗಿನ ರಾಜಕುಮಾರಿಗೆ ಮಾತ್ರ ಕಾಣುತ್ತಿರಲಿಲ್ಲ. ಹಾಗಾಗಿ ಭಟ್ಕಳದ ಬಳಿಯ ಬೆಳಕೆ ಊರಿನ ಜಟ್ಟನ ಮಗಳು ಕಮಲಿ, ಹದಿನೆಂಟು ತುಂಬಿದ ಮೇಲೂ, ಯಾರಾದರೂ ಎದುರು ಕೂತು ‘ನಿನ್ನ ಒಳ್ಳೇದಕ್ಕೇ ಹೇಳೂದು’ ಎಂದರೆ ಸಾಕು, ಮೊದಲು ಅವರ ಬೆನ್ನ ಹಿಂದೆ ಕಣ್ಣು ಹಾಯಿಸುತ್ತಿದ್ದಳು.

ಎಂಬತ್ತೈದರ ಆ ಮಳೆಗಾಲದಲ್ಲಿ ಬೆಳಕೆಯಲ್ಲಿ ಬಾಲಗಳಿಗೆ ಬರವಿರಲಿಲ್ಲ.

ಒಂದೇ ವಾರದಲ್ಲಿ ಎರಡು ಉದ್ದ ಲಕೋಟೆಗಳು ಮನೆಗೆ ಬಂದಿದ್ದವು, ಒಂದು ಮದ್ರಾಸಿನಿಂದ, ಇನ್ನೊಂದು ಮುಂಬಯಿಯಿಂದ. ಎರಡೂ ದೇಶದಲ್ಲೇ ಮೊದಲ ಸಾಲಿನಲ್ಲಿ ಕೂರುವ ವಿದ್ಯಾಪೀಠಗಳು. ಎರಡೂ ಕಡೆಯವರು ಕಂಪ್ಯೂಟರ್ ಸೈನ್ಸಿಗೆ ಅವಳನ್ನು ತೆಗೆದುಕೊಳ್ಳಲು ಒಪ್ಪಿದ್ದರು, ವಿದ್ಯಾರ್ಥಿವೇತನ ಕೊಡಲೂ ಒಪ್ಪಿದ್ದರು. ಬರುವುದಾದರೆ ಶನಿವಾರದೊಳಗೆ ತಂತಿ ಕೊಡಬೇಕು ಎಂದು ಬರೆದಿದ್ದರು. ಇಂಥದೇ ಎಂದು ಹೇಳಬೇಕಾದವಳು ಕಮಲಿ. ಆದರೆ ಊರಿನಲ್ಲಿ ಅವಳೊಬ್ಬಳನ್ನು ಬಿಟ್ಟು ಉಳಿದವರೆಲ್ಲ ಆಗಲೇ ಹೇಳಿ ಮುಗಿಸಿದ್ದರು.

“ಕಂಪ್ಯೂಟರ್ ಅಂದ್ರೆ ಎಂತದೆ ಅದು?” ಎಂದು ಪಕ್ಕದ ಮನೆಯ ದುರ್ಗ ಕೇಳಿದ್ದಳು. “ನಮ್ಮನೆ ಹುಡ್ಗ ದಾಸ ಹೇಳ್ತ, ಟೀವಿಗೆ ಟೈಪ್‌ರೈಟರ್ ಕಟ್ಟದ್ರೆ ಅದೇ ಅಂತೆ. ಅದಕ್ಕೆ ಮದ್ರಾಸಿಗೆ ಹೋಗೂದು ಎಂತಕ್ಕೆ? ಭಟ್ಕಳದಲ್ಲೇ ಕಟ್ಟಿ ಕೊಡೂಕಾಗೂದಿಲ್ವನೆ?”

ಕಮಲಿ ಕಂಪ್ಯೂಟರನ್ನು ಕಣ್ಣಾರೆ ಕಂಡವಳಲ್ಲ. ಕುಮಟಾದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ವೆಂಕ್ಟ್ರಮಣ ಸರ್ ಒಂದು ಮಧ್ಯಾಹ್ನ ಕಪ್ಪು ಹಲಗೆಯ ಮೇಲೆ ನಾಲ್ಕು ಚೌಕ ಬರೆದು ಬಾಣದಿಂದ ಜೋಡಿಸಿ, “ಇದು ಹೇಳಿದ್ದಷ್ಟೇ ಮಾಡ್ತದೆ. ಹೌದು ಅಂದ್ರೆ ಹೌದು, ಅಲ್ಲ ಅಂದ್ರೆ ಅಲ್ಲ. ಮನಸ್ಸಲ್ಲಿ ಬೇರೆ ಎಂತದನ್ನೂ ಇಟ್ಟುಕೊಳ್ಳೂದಿಲ್ಲ” ಎಂದಿದ್ದರು. ಕಿಟಕಿಯ ಪಕ್ಕ ಕೂತು ಮೋಡದಲ್ಲಿ ಅರಮನೆ ನೋಡುತ್ತಿದ್ದ ಕಮಲಿ ಆ ಮಾತಿಗೆ ತಟ್ಟನೆ ತಲೆಯೆತ್ತಿದ್ದಳು. ಇಡೀ ಸೃಷ್ಟಿಯಲ್ಲಿ ಬಾಲವಿಲ್ಲದ್ದು ಒಂದಾದರೂ ಇದೆಯಲ್ಲ ಎಂದು ಅವಳಿಗೆ ಎಂಥದೋ ಸಮಾಧಾನ. ಆ ಯಂತ್ರದ ಮೇಲೆ ಮನಸ್ಸು ಬಿದ್ದದ್ದು ಅಂದೇ.

ಮೊದಲು ಬಂದ ಬಾಲ ಮಾಬ್ಲ ಮಾವನದು. ಅಮ್ಮ ದೇವಿಯ ಒಡಹುಟ್ಟಿದ ಅಣ್ಣ. ಮುಂಬಯಿಯಲ್ಲಿ ದೋಣಿಗಳು ಮೀನಿಳಿಸುವ ಧಕ್ಕೆಯಲ್ಲಿ ಹರಾಜು ಕೂಗುವ ಕೆಲಸ. ಮಳೆಗಾಲದಲ್ಲಿ ದೋಣಿಗಳು ದಡ ಹತ್ತಿದಾಗ ಅವನೂ ಊರು ಹತ್ತುತ್ತಿದ್ದ. ಆ ಸಲ ಮಾತ್ರ ವಾಡಿಕೆಗಿಂತ ಬೇಗ ಬಂದ. ಜೊತೆಗೆ ಅಮ್ಮನಿಗೊಂದು ನೈಲಾನ್ ಸೀರೆ, ಅಪ್ಪನಿಗೊಂದು ಟಾರ್ಚು, ಕಮಲಿಗೊಂದು ಕೈಗಡಿಯಾರ. ಬರಿಗೈಯಲ್ಲಿ ಬಂದು ಹೋಗುತ್ತಿದ್ದವನ ಚೀಲ ಯಾಕೆ ತುಂಬಿತು ಎಂದು ಕಮಲಿಗೆ ಮೊದಲ ಗುಮಾನಿ.

“ಅರೆ, ಮುಂಬಯಿ ಅಂದ್ರೆ ಮುಂಬಯಿ!” ಮಾವ ಜಗುಲಿಯಲ್ಲಿ ಕಾಲು ಚಾಚಿ ಹರಾಜಿನ ದನಿಯಲ್ಲೇ ಹೇಳಿದ. “ನನ್ನ ಖೋಲಿ ಅದೆ. ನಿನ್ನತ್ತೆ ಅದಾಳೆ. ಹಾಸ್ಟೆಲ್ಲು ಗೀಸ್ಟೆಲ್ಲು ಎಂತಕ್ಕೆ ಹೆಣ್ಮಕ್ಳಿಗೆ? ಬೆಳಿಗ್ಗೆ ಗಾಡಿ ಹತ್ತು, ಸಂಜೆಗೆ ಮನೆ. ಬಂಗಡೆ ಸಾರು, ಬಿಸಿ ಅನ್ನ. ಮದ್ರಾಸಲ್ಲಿ ನಿಂಗೆ ಬಂಗಡೆ ಅಂದ್ರೆ ತಿಳಿಯೋರು ಯಾರು?”

“ಮದ್ರಾಸಲ್ಲೂ ಸಮುದ್ರ ಅದೆ ಮಾವ.”

“ಅದು ಉಲ್ಟಾ ಸಮುದ್ರ ಮಾರಾಯ್ತಿ. ಸೂರ್ಯ ಅಲ್ಲಿ ನೀರಿಂದ ಹುಟ್ತ. ನಮ್ಮವಕ್ಕೆ ಒಗ್ಗೂದಿಲ್ಲ.” ಹೀಗೆಂದವನು ಏನೋ ನೆನಪಾದವನಂತೆ, “ನಿಂಗೆ ಸಾರು ಮಾಡೂಕೆ ಬರ್ತದಲ್ಲ?” ಎಂದು ಕೇಳಿದ.

ಕಂಪ್ಯೂಟರ್ ಕಲಿಯಲು ಹೋಗುವವಳಿಗೆ ಸಾರಿನ ಪ್ರಶ್ನೆ ಯಾಕೆ? ಕಮಲಿ ಮಾವನ ಲುಂಗಿಯ ಹಿಂಬದಿ ನೋಡಿದಳು. ಮರುದಿನ ಉತ್ತರ ಗೋಡೆಯ ಮೇಲೆ ಸಿಕ್ಕಿತು. ಶಾರದೆಯ ಕ್ಯಾಲೆಂಡರಿಗೂ ಈಶ್ವರನ ಪಟಕ್ಕೂ ನಡುವೆ, ಸ್ಟುಡಿಯೋದ ಬಣ್ಣದ ತಾಜಮಹಲಿನ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತ ಒಬ್ಬ ಹುಡುಗ. ಮಾವನ ಮಗ ಗಣಪ. ಪಟ ಯಾರು ತೂಗುಹಾಕಿದರು ಎಂದರೆ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಅಮ್ಮ ಒಲೆಯ ಕಡೆ ತಿರುಗಿ, “ಇರ್ಲಿ ಬಿಡೆ, ಗೋಡೆ ಖಾಲಿ ಇತ್ತು” ಎಂದಳು. ಗೋಡೆ ಖಾಲಿ ಇರಲಿಲ್ಲ. ಪಟ ತೂಗಲೆಂದೇ ಶಾರದೆಯ ಕ್ಯಾಲೆಂಡರನ್ನು ಒಂದು ಗೇಣು ಸರಿಸಿದ್ದರು.

ಅಪ್ಪ ಜಟ್ಟ ಬಲೆ ಹೊಲಿಯುತ್ತ ಕೂತಿದ್ದ. ಅವನಿಗೆ ಮಾವನ ಎದುರು ಬಾಯಿ ಏಳುತ್ತಿರಲಿಲ್ಲ. ಹಿಂದೆ ದೋಣಿ ಮಗುಚಿ ಅಪ್ಪ ಕಾಲು ಮುರಿದುಕೊಂಡು ಮಲಗಿದ್ದ ವರ್ಷ ಈ ಮನೆಯ ಒಲೆ ಆರದಂತೆ ನೋಡಿಕೊಂಡವನು ಮಾವ. ಅದನ್ನು ಮಾವ ಎಂದೂ ಆಡಿ ತೋರಿಸಿದವನಲ್ಲ. ಆಡಿ ತೋರಿಸದ್ದರಿಂದಲೇ ಅದು ಅಪ್ಪನ ಹೆಗಲಿನಿಂದ ಇಳಿದಿರಲಿಲ್ಲ.

ಕಮಲಿ ಕುಮಟಾದ ಬಸ್ಸು ಹತ್ತಿದಳು. ಹೊನ್ನಾವರದ ಸೇತುವೆಯ ಮೇಲೆ ಬಸ್ಸು ತೆವಳುವಾಗ ಕೆಳಗೆ ಶರಾವತಿ ಕೆಂಪಾಗಿ, ಗೇರುಸೊಪ್ಪದ ಕಡೆಯಿಂದ ಬಿದ್ದ ಮರಗಳನ್ನು ಹೊತ್ತು ಬರುತ್ತಿತ್ತು. ಅಜ್ಜಿಯ ಕತೆಯಲ್ಲಿ ಎರಡು ದಾರಿ ಸೇರುವಲ್ಲಿ ಒಂದು ಆಲದಮರವಿರುತ್ತದೆ, ಅದರ ಬುಡದಲ್ಲಿ ಸತ್ಯ ಹೇಳುವವನೊಬ್ಬ ಕೂತಿರುತ್ತಾನೆ. ತನ್ನ ಪಾಲಿಗೆ ಅವನು ವೆಂಕ್ಟ್ರಮಣ ಸರ್ ಇರಬಹುದು ಎಂದು ಅವಳು ಆಸೆಪಟ್ಟಳು.

ಸರ್ ಮನೆಯ ಮೆಟ್ಟಿಲ ಮೇಲೆ ಕೊಡೆ ಒಣಹಾಕುತ್ತಿದ್ದರು. ಅವಳನ್ನು ಕಂಡದ್ದೇ, “ಮದ್ರಾಸ್” ಎಂದರು. ನಮಸ್ಕಾರಕ್ಕೂ ಮೊದಲು.

“ಎಂತಕ್ಕೆ ಸರ್? ಕಂಪ್ಯೂಟರಿಗೆ ಅದು ಹೆಚ್ಚಾ?”

“ಹಾಗೇನಿಲ್ಲ. ಎರಡೂ ಕಡೆ ಒಳ್ಳೇ ಮೆಶೀನು, ಒಳ್ಳೇ ಮಾಸ್ತರುಗಳು. ತಕ್ಕಡಿಗೆ ಹಾಕಿದರೆ ಮುಳ್ಳು ಅಲ್ಲಾಡೂದಿಲ್ಲ.”

“ಮತ್ತೆ ಮದ್ರಾಸೇ ಎಂತಕ್ಕೆ?”

ಸರ್ ಕೊಡೆಯ ಕಡ್ಡಿಗಳನ್ನು ಒಂದೊಂದಾಗಿ ಒರೆಸತೊಡಗಿದರು. ಅವರು ಓದಿದ್ದು ಮದ್ರಾಸಿನಲ್ಲಿ. ತಾನು ಓದಿದ ಊರಿಗೆ ತನ್ನ ಹುಡುಗಿಯನ್ನು ಕಳಿಸಿ, ಅಲ್ಲಿಯ ಹಳೆಯ ಗೆಳೆಯರ ಮುಂದೆ ಮೀಸೆ ತಿರುವುವ ಆಸೆಯಿರಬಹುದೇ? ಕಮಲಿ ಅವರ ಪಂಚೆಯ ಅಂಚನ್ನು ನೋಡಿದಳು. ಅವಳು ನೋಡುತ್ತಿರುವುದನ್ನು ಸರ್ ನೋಡಿದರು.

“ಕಮಲಾ, ಮುಂಬಯಿಯಲ್ಲಿ ನಿನ್ನ ಮಾವ ಇದ್ದಾನೆ. ಮದ್ರಾಸಿನಲ್ಲಿ ಯಾರೂ ಇಲ್ಲ. ಅಷ್ಟೇ ವ್ಯತ್ಯಾಸ. ಅದು ಒಳ್ಳೇದೋ ಕೆಟ್ಟದ್ದೋ ನಂಗೆ ಹೇಳೂಕಾಗೂದಿಲ್ಲ. ನಾನು ಹೇಳೂದೂ ತಪ್ಪೇ. ಮೊದಲೇ ಬಾಯಿ ಹಾಕಿದೆ, ಬಿಟ್ಟುಬಿಡು.”

ವಾಪಸು ಬರುವಾಗ ಆ ಮಾತು ಬಸ್ಸಿನ ಕಿಟಕಿಯ ನೀರಿನಂತೆ ಒಳಗೇ ಸುರಿಯುತ್ತಿತ್ತು. ಯಾರೂ ಇಲ್ಲ. ಕುಮಟಾದ ಹಾಸ್ಟೆಲ್ಲಿನ ಮೊದಲ ವಾರ ಅವಳು ಹೊದಿಕೆಯನ್ನು ಬಾಯಿಗೆ ತುರುಕಿಕೊಂಡು ಅತ್ತಿದ್ದಳು. ಅದು ಕುಮಟಾ. ಅಲ್ಲಿ ಕೊಂಕಣಿ ಮಾತಾಡುವ ಹುಡುಗಿಯರೂ ಕನ್ನಡದಲ್ಲೇ ಜಗಳವಾಡುತ್ತಿದ್ದರು. ಮದ್ರಾಸಿನಲ್ಲಿ ಜಗಳಕ್ಕೂ ಭಾಷೆಯಿಲ್ಲ. ಖೋಲಿಯ ಬಾಗಿಲು ತೆರೆದಿಟ್ಟು ಕಾಯುವ ಮಾವನ ಮೇಲೆ ಎಷ್ಟು ಗುಮಾನಿಯೋ, ಬಾಗಿಲೇ ಇಲ್ಲದ ಮದ್ರಾಸಿನ ಮೇಲೆ ಅಷ್ಟೇ ಭಯ. ಗುಮಾನಿಯನ್ನು ಎಲ್ಲರಿಗೂ ತೋರಿಸಬಹುದಿತ್ತು. ಭಯವನ್ನು ಅವಳು ತನಗೇ ತೋರಿಸಿಕೊಂಡಿರಲಿಲ್ಲ.

ಮನೆಗೆ ಬಂದರೆ ಎಲ್ಲಕ್ಕಿಂತ ದೊಡ್ಡ ಗುಮಾನಿ ಕಾದಿತ್ತು. ಅಜ್ಜಿ ಮಾತಾಡುತ್ತಿರಲಿಲ್ಲ.

ನಾಗಮ್ಮಜ್ಜಿ, ಅಮ್ಮನನ್ನೂ ಮಾವನನ್ನೂ ಹೆತ್ತವಳು. ಕಡಲು ತನ್ನ ಮನೆಯ ಅಂಗಳ ತಿಂದ ವರ್ಷ ಮಗಳ ಮನೆಗೆ ಬಂದವಳು ಇಲ್ಲೇ ಉಳಿದಿದ್ದಳು. ಹಾದಿಯಲ್ಲಿ ಹೋಗುವ ನಾಯಿಯ ವಿಷಯಕ್ಕೂ ಒಂದು ಅಭಿಪ್ರಾಯ ಇಟ್ಟುಕೊಂಡವಳು. ಅಂಥವಳು ಲಕೋಟೆ ಬಂದ ದಿನದಿಂದ ಹಿತ್ತಾಳೆಯ ಪುಟ್ಟ ಕುಟ್ಟಾಣಿಯಲ್ಲಿ ಎಲೆ ಅಡಿಕೆ ಹಾಕಿ ಟಣ್ ಟಣ್ ಕುಟ್ಟುತ್ತ, ಹಲ್ಲಿಲ್ಲದ ಬಾಯಲ್ಲಿ ಹಾಕಿಕೊಂಡು ಸುಮ್ಮನೆ ಕೂತಿದ್ದಳು. ಮದ್ರಾಸು ಎನ್ನಲಿಲ್ಲ, ಮುಂಬಯಿ ಎನ್ನಲಿಲ್ಲ.

“ಅಜ್ಜಿ, ನೀನಾದ್ರೂ ಹೇಳೆ.”

“ಎಂತಾ ಹೇಳೂದು? ನಂಗೆ ಗೊತ್ತಿದ್ದ ದೊಡ್ಡೂರು ಅಂದ್ರೆ ಹೊನ್ನಾವರ.” ಟಣ್. “ಬಾ, ಕೂತ್ಕೊ. ಏಡಿ ಕತೆ ಹೇಳ್ತೆ.”

ಏಡಿ ಕತೆ! ಅದು ಹಾಲುಹಲ್ಲಿನ ಮಕ್ಕಳಿಗೆ ಹೇಳುವಂಥದ್ದು. ಅಜ್ಜಿ ಅದನ್ನು ಹೇಳದೆ ಎಷ್ಟೋ ವರ್ಷವಾಗಿತ್ತು. ಈಗ ಯಾಕೆ? ಜಗುಲಿಯ ಬೆಂಚಿನ ಮೇಲೆ ಮಾವ ಮುಸುಕೆಳೆದು ಗೊರಕೆ ಹೊಡೆಯುತ್ತಿದ್ದ. ಹೊರಗೆ ಮಧ್ಯಾಹ್ನದ ಮಳೆ ಹೆಂಚಿನ ಮೇಲೆ ಜಡಿಯುತ್ತಿತ್ತು. ಕಮಲಿ ಸಂಶಯದಿಂದಲೇ ಅಜ್ಜಿಯ ಮಗ್ಗುಲಲ್ಲಿ ಕೂತಳು.

“ನರಿ ಮತ್ತೆ ಏಡಿ ಸೇರಿ ಮೀನು ಹಿಡಿದ್ವು. ನರಿ ಮಾಡ್ತು ಎರಡು ಗುಡ್ಡೆ. ಒಂದ್ರಲ್ಲಿ ಎಲ್ಲಾ ದಪ್ಪದಪ್ಪ ಮೀನು, ಒಂದ್ರಲ್ಲಿ ಬರೀ ತಲೆ ಬಾಲ. ‘ಏಡಣ್ಣ, ಬೆನ್ನು ಕೊಟ್ಟು ನಿಲ್ಲು. ನಾ ಗುಡ್ಡೆ ಮುಟ್ತೆ, ಯಾರಿಗೆ ಅಂತ ನೀ ಹೇಳು’ ಅಂತು. ಏಡಿಗೆ ಎಂತಾ ಕಾಣ್ತದೆ? ಪಾಪದ್ದು, ಬೆನ್ನಲ್ಲಿ ಕಣ್ಣಿಲ್ಲ. ಆದ್ರೆ ಗದ್ದೆ ಅಂಚಲ್ಲಿ ಒಂದು ಕಪ್ಪೆ ಕೂತಿತ್ತು. ನರಿ ಕೈ ದಪ್ಪ ಗುಡ್ಡೆ ಮೇಲೆ ಬಂತೋ ಇಲ್ವೋ...” ಅಜ್ಜಿ ಕುಟ್ಟಾಣಿಯನ್ನು ಒಮ್ಮೆ ಹೊಡೆದಳು. ಟಣ್! “ಕಪ್ಪೆ ಕೂಗ್ತು. ದಪ್ಪದಕ್ಕೆ ಕೂಗ್ತು, ಸಣ್ಣದಕ್ಕೆ ಬಾಯಿ ಮುಚ್ಕೊಂಡಿತ್ತು. ‘ಇದು ನಂಗೆ’ ಅಂತು ಏಡಿ. ಆವತ್ತಿಂದ ಏಡಿ ಯಾರಿಗೂ ಬೆನ್ನು ಕೊಡೂದಿಲ್ಲ, ಅಡ್ಡಡ್ಡ ನಡೀತದೆ.”

ಬೆಂಚಿನ ಮೇಲಿನ ಗೊರಕೆ ಒಂದು ಗಳಿಗೆ ನಿಂತಂತಾಗಿ ಮತ್ತೆ ಸುರುವಾಯಿತು.

“ಅಷ್ಟೆಯಾ?” ಎಂದಳು ಕಮಲಿ.

“ಅಷ್ಟೇ. ಮತ್ತೆಂತಾ ಬೇಕು ನಿಂಗೆ, ಮದುವೆ ಊಟವಾ?”

ಮದುವೆ ಎಂಬ ಮಾತು ಅಜ್ಜಿಯ ಬಾಯಿಂದಲೂ ಬಂತು! ಗಣಪ ಅಜ್ಜಿಗೂ ಮೊಮ್ಮಗನೇ. ಅಜ್ಜಿಯ ಸೀರೆಯ ಹಿಂದೆ ನೋಡಲು ಮಾತ್ರ ಕಮಲಿಗೆ ಧೈರ್ಯವಾಗಲಿಲ್ಲ.

ಶುಕ್ರವಾರ ಬೆಳಿಗ್ಗೆ ಗಂಜಿ ಉಂಡೆದ್ದ ಮೇಲೆ ಮಾತು ಬಿಸಿಯೇರಿತು. ತಾನೇ ಭಟ್ಕಳಕ್ಕೆ ಹೋಗಿ ಮುಂಬಯಿಗೆ ತಂತಿ ಹೊಡೆದು ಬರುತ್ತೇನೆ ಎಂದು ಮಾವ ಅಂಗಿ ಹಾಕಿಕೊಂಡ. ಕಮಲಿ ಬಾಗಿಲಿಗೆ ಅಡ್ಡ ನಿಂತಳು. ಅಮ್ಮ ಎರಡೂ ಕಡೆ ನೋಡಿ ಕಣ್ಣೊರೆಸಿದಳು. ಆಗ ಅಪ್ಪ, ಬಲೆಯಿಂದ ತಲೆಯೆತ್ತದೆ, “ಪಾಲು ಹಾಕ್ವ” ಎಂದ.

ಬೆಳಕೆಯ ದಡದಲ್ಲಿ ಹತ್ತು ಜನ ಸೇರಿ ಎಳೆದ ಬಲೆಯ ಮೀನಿಗೆ ತಕರಾರು ಬಾರದಂತೆ ಪಾಲು ಹಾಕುವ ಕ್ರಮವೊಂದಿತ್ತು. ಮೀನನ್ನು ಗುಡ್ಡೆ ಮಾಡುವುದು. ಪಾಲಿಲ್ಲದವನೊಬ್ಬ ಗುಡ್ಡೆಗಳಿಗೆ ಬೆನ್ನು ಕೊಟ್ಟು ನಿಲ್ಲುವುದು. ಇನ್ನೊಬ್ಬ ಒಂದು ಗುಡ್ಡೆಯ ಮೇಲೆ ಬೆರಳಿಟ್ಟು ‘ಇದು ಯಾರಿಗೆ?’ ಎಂದು ಕೇಳುವುದು. ಬೆನ್ನು ಕೊಟ್ಟವನ ಬಾಯಲ್ಲಿ ಯಾವ ಹೆಸರು ಬಂತೋ ಗುಡ್ಡೆ ಅವನದು. ಕೊನೆಗೊಂದು ಹಿಡಿಯಷ್ಟು ‘ಸಮುದ್ರಕ್ಕೆ’ ಎಂದು ನೀರಿಗೆ ಎಸೆಯುವುದು. ಪಾಲು ಬಿದ್ದ ಮೇಲೆ ಅದರ ವಿಷಯ ಎತ್ತಿದವನ ಜೊತೆ ದಡದಲ್ಲಿ ಯಾರೂ ಬಲೆ ಹಿಡಿಯುತ್ತಿರಲಿಲ್ಲ.

“ಎರಡು ಊರು, ಎರಡು ಗುಡ್ಡೆ. ಒಂದು ಕಮಲಿಗೆ, ಒಂದು ಸಮುದ್ರಕ್ಕೆ. ಬಿದ್ದದ್ದಕ್ಕೆ ಎಲ್ಲಾರೂ ಬದ್ಧ” ಎಂದ ಅಪ್ಪ. ಆ ವಾರದಲ್ಲಿ ಅವನಾಡಿದ ಅತಿ ಉದ್ದದ ಮಾತು ಅದು.

“ಆತು!” ಮಾವ ತೊಡೆ ತಟ್ಟಿದ. “ಬೆನ್ನು ಕೊಡೋರು ಯಾರು?”

“ಕಮಲಿನೇ ಕೊಡ್ಲಿ.”

“ಅದು ಹ್ಯಾಂಗೆ ಭಾವ? ಪಾಲಿದ್ದೋರು ಬೆನ್ನು ಕೊಡೂಕಿಲ್ಲ.”

“ಹಂಗಾರೆ ಈ ಮನೇಲಿ ಪಾಲಿಲ್ಲದೋರನ್ನ ತೋರ್ಸು” ಎಂದ ಅಪ್ಪ. ಅವನ ಕಣ್ಣು ಗೋಡೆಯ ತಾಜಮಹಲಿನ ಮೇಲೆ ಹಾದು ಬಲೆಗೆ ಮರಳಿತು.

ಮಾವ ಪಟದ ಕಡೆ ನೋಡಿ ನಕ್ಕ. “ಆತು ಮಾರಾಯ. ಆದ್ರೆ ಬೆರಳು ನಂದು. ನಾನೇ ಇಡ್ತೆ.”

ಅಪ್ಪ ತಲೆಯಾಡಿಸಿದ. ಅಷ್ಟು ಸಲೀಸಾಗಿ ತಲೆಯಾಡಿಸಿದ್ದು ಕಮಲಿಗೆ ಸರಿ ಕಾಣಲಿಲ್ಲ. ಇಬ್ಬರೂ ಮೊದಲೇ ಮಾತಾಡಿಕೊಂಡಿದ್ದರೇ? ನಿನ್ನೆ ಸಂಜೆ ದೋಣಿಗೆ ಹೊದೆಸಿದ ತೆಂಗಿನ ಮಡಲಿನ ಮರೆಯಲ್ಲಿ ಅಪ್ಪ, ಮಾವ ಇಬ್ಬರೂ ಬೀಡಿ ಸೇದುತ್ತ ನಿಂತದ್ದನ್ನು ಅವಳು ಕಂಡಿದ್ದಳು.

ಮಾವ ಒಳಗಿಂದ ಸುಲಿದ ದಪ್ಪ ತೆಂಗಿನಕಾಯಿಯೊಂದನ್ನು ತಂದು ನೆಲದ ಮೇಲಿಟ್ಟ. “ಇದು ಮುಂಬಯಿ.” ಅಪ್ಪ ಕೈಗೆ ಸಿಕ್ಕ ಒಂದು ನಿಂಬೆಹಣ್ಣನ್ನು ಅದರ ಪಕ್ಕ ಉರುಳಿಸಿದ. “ಇದು ಮದ್ರಾಸು.” ಅಷ್ಟು ದೊಡ್ಡ ಊರು ಅಷ್ಟು ಸಣ್ಣ ಹಣ್ಣಾದದ್ದಕ್ಕೆ ಅಮ್ಮ ಅಳುವಿನ ನಡುವೆಯೇ ಫಕ್ಕನೆ ನಕ್ಕಳು. ಅಜ್ಜಿ ಮೂಲೆಯಲ್ಲಿ ಕುಟ್ಟಾಣಿ ಕಾಲ ನಡುವೆ ಇಟ್ಟುಕೊಂಡು ಕುಟ್ಟುತ್ತಲೇ ಇದ್ದಳು.

ಕಮಲಿ ಬೆನ್ನು ಕೊಟ್ಟು ನಿಂತಳು. ಎದುರಿಗೆ ತೆರೆದ ಬಾಗಿಲು, ಬಾಗಿಲಾಚೆ ಮಳೆ, ಮಳೆಯಾಚೆ ಬೋರಲು ಬಿದ್ದ ದೋಣಿ. ಬೆನ್ನ ಹಿಂದೆ ಮಾವನ ಲುಂಗಿಯ ಸರಬರ. ಅವನು ಅತ್ತಿಂದಿತ್ತ ಸುಳಿಯುತ್ತಿದ್ದಾನೆ. ಟಣ್ ಟಣ್ ಟಣ್ ಎನ್ನುತ್ತಿದ್ದ ಕುಟ್ಟಾಣಿ ಥಟ್ಟನೆ ನಿಂತಿತು.

“ಇದು ಯಾರಿಗೆ?” ಮಾವನ ಹರಾಜಿನ ದನಿ.

ಮಳೆಯ ಸದ್ದು ಬಿಟ್ಟರೆ ಏನಿಲ್ಲ. ಆಮೇಲೆ, ಒಂದೇ ಒಂದು ಸಲ, ಟಣ್.

ಕಪ್ಪೆ ಕೂಗಿತು! ದಪ್ಪದಕ್ಕೆ ಕೂಗುತ್ತದೆ, ಸಣ್ಣದಕ್ಕೆ ಬಾಯಿ ಮುಚ್ಚಿಕೊಂಡಿರುತ್ತದೆ. ಹಾಗಾದರೆ ಮಾವನ ಬೆರಳು ತೆಂಗಿನಕಾಯಿಯ ಮೇಲಿದೆ. ಹಾಗಾದರೆ ಇದು ಅದೃಷ್ಟದ ಪಾಲಲ್ಲ. ‘ನಂಗೆ’ ಎಂದರೆ ಮುಂಬಯಿ, ‘ಸಮುದ್ರಕ್ಕೆ’ ಎಂದರೆ ಮದ್ರಾಸು. ಬೇಕಾದ್ದನ್ನು ಅವಳೇ ಆರಿಸಿಕೊಳ್ಳಬಹುದು, ಆರಿಸಿದ್ದು ಅವಳೆಂದು ಯಾರಿಗೂ ತಿಳಿಯುವುದಿಲ್ಲ.

ಅಜ್ಜಿಯ ಸದ್ದನ್ನು ನಂಬಿದರೆ ಮಾತ್ರ. ಅಜ್ಜಿ ಮಾವನ ತಾಯಿ. ಕಪ್ಪೆ ನಿಂಬೆಹಣ್ಣಿಗೆ ಕೂಗಿರಬಾರದೇಕೆ? ಮೊಮ್ಮಗಳು ಮುಂಬಯಿಯನ್ನು ಎಸೆದೆ ಎಂದುಕೊಂಡು ಮದ್ರಾಸನ್ನು ಎಸೆಯಲಿ ಎಂದು ಆ ಕತೆ ಹೇಳಿರಬಾರದೇಕೆ? ಇಷ್ಟು ವರ್ಷ ಕಾವಿಯೊಳಗೆ, ಕೋಟಿನೊಳಗೆ ಬಾಲ ಹುಡುಕಲು ಕಲಿಸಿದವಳು ತನ್ನ ಬಾಲವನ್ನು ಎಲ್ಲಿ ಇಟ್ಟಿರಬಹುದು?

“ಹೇಳೆ ಕಮಲಿ, ಇದು ಯಾರಿಗೆ?” ಎಂದ ಮಾವ ಇನ್ನೊಮ್ಮೆ.

ಆಗ ಅವಳಿಗೆ ಹೊಳೆಯಿತು. ಬಾಲವಿದ್ದವರೆಲ್ಲ ಬುದ್ಧಿ ಹೇಳಿದ್ದರು. ಮಾವ ಹೇಳಿದ, ಅಮ್ಮ ಹೇಳಿದಳು, ದುರ್ಗ ಹೇಳಿದಳು, ಸರ್ ಕೂಡ ನಮಸ್ಕಾರಕ್ಕೆ ಮೊದಲು ಹೇಳಿಬಿಟ್ಟರು. ಅಜ್ಜಿ ಒಬ್ಬಳೇ ಒಂದು ಬುದ್ಧಿಮಾತನ್ನೂ ಹೇಳಿರಲಿಲ್ಲ. ಅವಳು ಹೇಳಿದ್ದು ಬರೀ ಕತೆ.

ಅಜ್ಜಿಯನ್ನು ನಂಬಿದ್ದೇ ತಡ, ಕಮಲಿಗೆ ನಿಜವಾದ ಭಯ ಬಂತು. ಈಗ ನೆವ ಹೇಳಲು ಯಾರೂ ಇಲ್ಲ. ಮಾವ ಬಲೆ ಬೀಸಿದ ಎನ್ನುವಂತಿಲ್ಲ, ಪಾಲು ಹಾಗೆ ಬಿತ್ತು ಎನ್ನುವಂತಿಲ್ಲ. ‘ನಂಗೆ’ ಎಂದುಬಿಡಲು ನಾಲಿಗೆ ತುದಿಗೆ ಬಂದಿತ್ತು. ಬಿಸಿ ಅನ್ನ, ಬಂಗಡೆ ಸಾರು, ಅತ್ತೆಯ ಕನ್ನಡ. ಅವಳು ಮಳೆಯನ್ನು ನೋಡಿದಳು. ಸೂರ್ಯ ನೀರಿನಿಂದ ಹುಟ್ಟುವ ಸಮುದ್ರ ಹೇಗಿರುತ್ತದೆ ಎಂದು, ಇಂಥ ಹೊತ್ತಿನಲ್ಲೂ, ಒಂದು ಕ್ಷಣ ಕನಸು ಕಂಡಳು. ಅಲ್ಲಿ ಒಂದು ಕೋಣೆ. ಕೋಣೆಯಲ್ಲಿ ಒಂದು ಯಂತ್ರ. ಹೌದು ಅಂದರೆ ಹೌದು, ಅಲ್ಲ ಅಂದರೆ ಅಲ್ಲ.

“ಸಮುದ್ರಕ್ಕೆ” ಎಂದಳು.

ತಿರುಗಿ ನೋಡಿದರೆ ಮಾವನ ಬೆರಳು ತೆಂಗಿನಕಾಯಿಯ ಮೂರು ಕಣ್ಣುಗಳ ನಡುವೆ ಇತ್ತು. ಅವನು ಅದನ್ನು ತೆಗೆಯದೆ ಹಾಗೇ ಕೂತಿದ್ದ. ಮೂಲೆಯಲ್ಲಿ ಕುಟ್ಟಾಣಿ ಮತ್ತೆ ಟಣ್ ಟಣ್ ಎನ್ನತೊಡಗಿತು.

“ಆತು” ಎಂದ ಮಾವ ನಿಧಾನಕ್ಕೆ. “ಪಾಲು ಅಂದ್ರೆ ಪಾಲು. ನಡಿ, ತಂತಿ ಕೊಟ್ಟು ಬರ್ವ.”

ಅವನು ಯಾಕೆ ಬರಬೇಕು? ಭಟ್ಕಳದವರೆಗೆ ಬಸ್ಸಿನಲ್ಲಿ ಕಮಲಿ ಚೀಲವನ್ನು ಎದೆಗೆ ಅವುಚಿ ಕೂತಳು. ತಂತಿ ಕಚೇರಿಯಲ್ಲಿ ಮಾವನಿಗೆ ಕಾಣದಂತೆ ಕೈ ಅಡ್ಡ ಇಟ್ಟು ಬರೆದಳು. ಕಾರಕೂನರು ಬೋಳುತಲೆಯ ಕೊಂಕಣಿಗರೊಬ್ಬರು. ಅವಳು ಕಿಂಡಿಯ ಮೂಲಕ, “ಒಂದ್ಸಲ ಗಟ್ಟಿಯಾಗಿ ಓದಿ ಹೇಳ್ತೀರಾ?” ಎಂದಳು.

“ಎಂತಕ್ಕೆ ತಂಗಿ? ನೀನೇ ಬರೆದದ್ದಲ್ವಾ?”

“ಆದ್ರೂ ಓದಿ.”

ಅವರು ಕನ್ನಡಕ ಏರಿಸಿ ಓದಿದರು. ಮದ್ರಾಸಿಗೆ, ಬರುತ್ತೇನೆ ಎಂದು. ಕಿಂಡಿಯ ಪಕ್ಕ ನಿಂತಿದ್ದ ಮಾವ ಎಲ್ಲ ಕೇಳಿಸಿಕೊಂಡು, “ಊರು ಬಿಟ್ಟು ಹೋಗೋಕೆ ಮುಂಚೆನೇ ಇಷ್ಟು ಹುಷಾರಿ! ಮದ್ರಾಸಿನೋರನ್ನ ದೇವ್ರೇ ಕಾಯ್ಬೇಕು” ಎಂದು ಕಾರಕೂನರಿಗೆ ಕಣ್ಣು ಮಿಟುಕಿಸಿದ.

ಸಂಜೆ ಮಳೆ ಸ್ವಲ್ಪ ಹೊಳವಾಯಿತು. ಸಮುದ್ರದ ಪಾಲನ್ನು ಸಮುದ್ರಕ್ಕೆ ಕೊಡಬೇಕಲ್ಲ. ಮಾವ ತೆಂಗಿನಕಾಯಿ ಹಿಡಿದು ದಡಕ್ಕೆ ಹೊರಟ, ಕಮಲಿಯನ್ನೂ ಕರೆದ. ಅಲೆಗಳು ಮಣ್ಣುಬಣ್ಣಕ್ಕೆ ತಿರುಗಿ ದಡವನ್ನು ಗುದ್ದುತ್ತಿದ್ದವು. ಮಾವ ನೀರಿಗಿಳಿಯದೆ ಕಾಯಿಯನ್ನು ಕೈಯಲ್ಲಿ ಆಡಿಸುತ್ತ ನಿಂತ.

“ಅಜ್ಜಿಗೆ ವಯಸ್ಸಾದ್ರೂ ಕಪ್ಪೆ ಮಾತ್ರ ಗಟ್ಟಿಯಾಗೇ ಕೂಗ್ತದೆ, ಅಲ್ದಾ?” ಎಂದ.

ಕಮಲಿಯ ಕಾಲ ಕೆಳಗಿನ ಮರಳು ಸರಿಯಿತು. ಅವನೂ ಆ ಅಜ್ಜಿಯ ಮಡಿಲಲ್ಲೇ ಏಡಿ ಕತೆ ಕೇಳಿದವನು! ಇಷ್ಟು ಸಣ್ಣ ವಿಷಯ ಅವಳಿಗೆ ಹೇಗೆ ಹೊಳೆಯಲಿಲ್ಲ?

“ನಿಂಗೆ ಗೊತ್ತಿತ್ತಾ ಮಾವ?”

“ಅವ್ವ ಮೊನ್ನೆ ಕತೆ ಸುರು ಮಾಡ್ದಾಗ್ಲೇ ನಿದ್ದೆ ಹಾರಿಹೋಯ್ತು.”

“ಮತ್ತೆ ಕೂಗಿದ ಮೇಲೆ ಬೆರಳು ಎತ್ತಿ ನಿಂಬೆಹಣ್ಣಿನ ಮೇಲೆ ಇಡಬಹುದಿತ್ತಲ್ಲ?”

“ಇಡಬಹುದಿತ್ತು.” ಮಾವ ಕಾಯಿಗಂಟಿದ್ದ ನಾರು ಕಿತ್ತ. “ಗಣಪಂಗೆ ನಿನ್ನ ತರಬೇಕು ಅಂತ ಆಸೆ ಇತ್ತೇ ಇತ್ತು, ಸುಳ್ಳು ಹೇಳೂದಿಲ್ಲ. ನಿಮ್ಮವ್ವಂಗೂ ಇತ್ತು. ಅದು ಒಂದು. ಇನ್ನೊಂದು, ನಾ ಮುಂಬಯಿಗೆ ಹೋದಾಗ ನಂಗೆ ಯಾರೂ ಇರ್ಲಿಲ್ಲ. ಧಕ್ಕೇಲಿ ಐಸ್ ಒಡೀತಿದ್ದೆ, ‘ನೀರು ಕೊಡಿ’ ಅಂತ ಕೇಳೂಕೂ ಭಾಷೆ ಬರ್ತಿರ್ಲಿಲ್ಲ. ಹಂಗೆ ನಿಂಗೆ ಆಗ್ಬಾರ್ದು ಅಂತಿತ್ತು. ಕಪ್ಪೆ ಕೂಗಿದ್ಮೇಲೂ ನೀ ಎಂತಾ ಹೇಳ್ತೆ ನೋಡ್ವ ಅಂತ ಬೆರಳು ಅಲ್ಲೇ ಇಟ್ಟೆ. ಹೆದರಿದ್ರೆ ‘ನಂಗೆ’ ಅಂತಿದ್ದೆ. ಹೆದರೋಳನ್ನ ಮದ್ರಾಸಿಗೆ ಕಳ್ಸೂಕೆ ನಂಗೆ ಮನಸ್ಸಿರ್ಲಿಲ್ಲ.”

“ಹೆದರಿಕೆ ಆಗಿತ್ತು” ಎಂದಳು ಕಮಲಿ. ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

“ಆಗ್ತದೆ. ನಂಗೂ ಆಗಿತ್ತು.”

ಅವನು ಕಾಯಿಯನ್ನು ಬೀಸಿ ಎಸೆದ. ಅದು ಒಂದು ಅಲೆಯನ್ನು ದಾಟಿ, ಎರಡನೆಯದರ ಮೇಲೆ ಕುಣಿದು ಕಣ್ಮರೆಯಾಯಿತು. ಇಬ್ಬರೂ ಮನೆಯತ್ತ ತಿರುಗಿದರು. ಹಿಂದೆ ನಡೆಯುತ್ತಿದ್ದ ಕಮಲಿಯ ಕಣ್ಣು, ಅಭ್ಯಾಸ ಬಿಡಬೇಕಲ್ಲ, ಮಾವನ ಒದ್ದೆ ಲುಂಗಿಯ ಹಿಂಬದಿಗೆ ಹೋಯಿತು. ಬಾಲ ಇರಲೇ ಇಲ್ಲ ಎನ್ನುವಂತಿರಲಿಲ್ಲ. ಆದರೆ ಅದನ್ನು ಅವನೇ ಎತ್ತಿ ತೋರಿಸಿಯಾಗಿತ್ತು.

ಅವಳಿಗೆ ಇನ್ನೊಂದು ಸಂಶಯ ಮೂಡಿತು. “ಮಾವ, ನಿನ್ನೆ ಸಂಜೆ ದೋಣಿ ಹತ್ರ ಅಪ್ಪನ ಜೊತೆ ಎಂತಾ ಮಾತಾಡ್ತಿದ್ದೆ?”

“ಭಾವನ ಜೊತೆ ಮಾತಾ? ಬೀಡಿ ಸೇದಿದ್ದು. ನಾಲ್ಕು ಬೀಡಿ ಮುಗಿಯೋಷ್ಟು ಹೊತ್ತು ನಿಂತು ಕಡೆಗೊಂದು ಮಾತು ಕೇಳ್ದ: ‘ಮುಂಬಯಿಲಿ ಈಗ್ಲೂ ಪಾಲು ಹಾಕ್ತ್ರಾ, ಅಥವಾ ಎಲ್ಲ ಹರಾಜೇಯಾ?’ ಅಂತ. ‘ಅಲ್ಲಿ ಎಲ್ಲ ಹರಾಜೇ, ಪಾಲು ನಂಗೆ ಮರ್ತೇ ಹೋಯ್ತು’ ಅಂದೆ.” ಮಾವ ಹಾದಿಯಲ್ಲೇ ನಿಂತು, ತನ್ನ ಮಾತನ್ನು ತಾನೇ ಕೇಳಿಸಿಕೊಂಡವನಂತೆ ಹುಬ್ಬೇರಿಸಿದ. “ಅರೆ! ಪಾಲಿನ ಜೊತೆ ಕಪ್ಪೇನೂ ಮರ್ತಿರ್ತೆ ಅಂತ್ಲೇನಾ ನಂಗೆ ಬೆರಳು ಬಿಟ್ಟಿದ್ದು!”

ಕಮಲಿ ಜೋರಾಗಿ ನಕ್ಕಳು. ಹಿಂದೆ ಏನೋ ಗುಡುಗುಡು ಉರುಳಿದಂತಾಗಿ ಇಬ್ಬರೂ ತಿರುಗಿದರು. ಮಳೆಗಾಲದ ಸಮುದ್ರ ತೆಂಗಿನಕಾಯಿಯನ್ನು ತಂದು ದಡಕ್ಕೆ ಒಗೆದು ಹೋಗಿತ್ತು. ಅದರ ಪಕ್ಕದಲ್ಲಿ ಒಂದು ಪುಟ್ಟ ಏಡಿ, ಆ ದಪ್ಪ ಪಾಲನ್ನು ನಂಬದೆ, ಅಡ್ಡಡ್ಡ ಸರಿದು ಮರಳಿನ ಬಿಲ ಸೇರಿತು.

“ಸಮುದ್ರಕ್ಕೂ ಬ್ಯಾಡಂತೆ ಮುಂಬಯಿ” ಎಂದ ಮಾವ. “ತಗಳೆ. ನಿಮ್ಮವ್ವ ಸಾರಿಗೆ ಹಾಕ್ತಾಳೆ.”

ಕಮಲಿ ಕಾಯಿಯನ್ನೆತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದಳು. ಒಳಗೆ ನೀರಿತ್ತು, ಬೇರೇನೂ ಇದ್ದಂತಿರಲಿಲ್ಲ. ಆದರೂ ಮನೆ ಮುಟ್ಟುವವರೆಗೆ ಇನ್ನೆರಡು ಸಲ ಅಲ್ಲಾಡಿಸಿದಳು.